ಮದುವೆಗೆ ಮೊದಲು ಬಂದ ಮಡಕೆಗಳು

“ಕೇಳ್ರಪ್ಪೋ ಕೇಳ್ರಿ! ಕಲ್ಲಂಗೇರಿ ದೊರೆ ಮಾರ್ತಾಂಡರಾಯರ ಅಪ್ಪಣೆ! ಬರೋ ಹುಣ್ಣಿಮೆಗೆ ಊರಿನ ಮದುವೆಯೆಲ್ಲ ಹೊಸ ಕಲ್ಯಾಣಮಹಲಿನ ಮಾಳಿಗೆ ಮೇಲೇ ಆಗ್ಬೇಕು! ಮಹಲನ್ನ ಪರೀಕ್ಷೆ ಮಾಡೋ ಅಧಿಕಾರ ಬೇಕಾದೋರು ದೊಡ್ಡರಾಣಿಯವರ ಮೂರು ಒಗಟು ಬಿಡಿಸ್ಬೇಕು! ಗೆದ್ದೋರಿಗೆ ಅರ್ಧ ಅರಮನೆ, ಸೋತೋರಿಗೆ ತಲೆದಂಡ!”

ಡಂಗುರ ಕೇಳಿ ಊರಿನವರು ಕತ್ತು ಮುಟ್ಟಿ ನೋಡಿಕೊಂಡರು. ಕಲ್ಲಂಗೇರಿಯಲ್ಲಿ ಹಿಂದಿನಿಂದ ಒಂದು ಕಟ್ಟಳೆ ಇತ್ತು. ಹೊಸ ಕಟ್ಟಡವನ್ನು ಪರೀಕ್ಷಕರು ಪರೀಕ್ಷಿಸಿ, ಬಾಗಿಲಿಗೆ ಕೆಮ್ಮಣ್ಣಿನ ಹಸ್ತ ಒತ್ತುವವರೆಗೆ ಯಾರೂ ಒಳಗೆ ಕಾಲಿಡುವಂತಿಲ್ಲ. ಹಳೆಯ ಪರೀಕ್ಷಕ ತೀರಿಕೊಂಡ ಮೇಲೆ ದೊರೆ ಆ ಜಾಗವನ್ನು ಖಾಲಿ ಬಿಟ್ಟಿದ್ದ. ಅವನ ತಾಯಿ ದೊಡ್ಡರಾಣಿ ಹಟ ಹಿಡಿದದ್ದಕ್ಕೆ ಈ ಸ್ಪರ್ಧೆ. ಒಗಟು ತಾಯಿಯದು, ತಲೆದಂಡ ಮಗ ಸೇರಿಸಿದ್ದು. ಹೆದರಿ ಯಾರೂ ಬರದಿದ್ದರೆ ಪರೀಕ್ಷೆಯೇ ಇಲ್ಲ, ನೋಡಿ ಎಂಥ ಜಾಣ!

ಕುಂಬಾರಗೇರಿಯ ಸಂಕವ್ವನಿಗೆ ಮಾತ್ರ ಅನ್ನ ಸೇರಲಿಲ್ಲ. ಆ ಹುಣ್ಣಿಮೆಗೆ ಅವಳ ತಂಗಿ ಹೂವಿಯ ಮದುವೆ. ಅಪ್ಪ ಅಮ್ಮ ಇಲ್ಲದ ಮನೆಯಲ್ಲಿ ಅವಳಿಗಿದ್ದದ್ದು ಅದೊಂದೇ ಜೀವ. ಮಹಲಿನ ಕೆಲಸದವರಿಗೆ ಹೂಜಿ ಕೊಡಲು ಹೋದಾಗ, ಮಾಳಿಗೆ ಹೊತ್ತ ರೇಷ್ಮೆ ಸುತ್ತಿದ ಕಂಬವೊಂದನ್ನು ಸಂಕವ್ವ ಅಭ್ಯಾಸಬಲದಿಂದ ಬೆರಳಲ್ಲಿ ತಟ್ಟಿದ್ದಳು. ಕಲ್ಲಿನ ಸದ್ದು ಬರಬೇಕಾದ ಕಡೆ ಹಸಿಮರದ ಸದ್ದು ಬಂದಿತ್ತು.

ಸಭೆ ಸೇರಿದ ದಿನ ಮೊದಲು ಎದ್ದವನು ಆಸ್ಥಾನದ ಜೋಯಿಸ. ದೊಡ್ಡರಾಣಿ ಕೇಳಿದಳು: “ಸಾವಿರ ಜನ ಹೊಗಳಿದರೂ ಬಾಯಿ ಬಿಡದು. ಒಬ್ಬರು ಹೊಡೆದರೆ ಒಳಗಿದ್ದದ್ದನ್ನು ಇದ್ದ ಹಾಗೇ ಹೇಳುತ್ತದೆ. ಏನದು?”

“ಮದ್ದಳೆ, ತಾಯಿ.”

“ಮದ್ದಳೆಯಾದರೆ ಬಾರಿಸುವವನು ಹೇಳಿಸಿದ್ದನ್ನು ಹೇಳುತ್ತದೆ, ನಿಮ್ಮ ಹಾಗೆ,” ಎಂದಳು ದೊಡ್ಡರಾಣಿ. ಜೋಯಿಸನನ್ನು ಸೆರೆಮನೆಗೆ ಎಳೆದೊಯ್ದರು.

ಆಮೇಲೆ ಬಂದವನು ಮಹಲು ಕಟ್ಟಿದ ಓಜಯ್ಯನೇ. “ನಿನಗೆ ಎರಡನೆಯದನ್ನೇ ಕೇಳುತ್ತೇನೆ,” ಎಂದಳು ದೊಡ್ಡರಾಣಿ. “ಮನೆಗಿಂತ ಮೊದಲು ಎದ್ದು ನಿಲ್ಲುತ್ತದೆ, ಮನೆಯನ್ನು ಮಗುವಿನಂತೆ ಹೊರುತ್ತದೆ, ಗೃಹಪ್ರವೇಶಕ್ಕೆ ಮೊದಲೇ ಹೊರಟುಹೋಗಬೇಕು. ಯಾವುದು?”

ಓಜಯ್ಯ ದೊರೆಯ ಮುಖ ನೋಡಿದ. ದೊರೆ ಹುಬ್ಬು ಗಂಟಿಕ್ಕಿದ. ಹೇಗೂ ದೊರೆ ಕಾಪಾಡುತ್ತಾನೆಂದು ನಂಬಿ ಓಜಯ್ಯ, “ತಳಪಾಯ,” ಎಂದುಬಿಟ್ಟ.

“ತಳಪಾಯ ಎಲ್ಲಿಗಯ್ಯ ಹೋಗುತ್ತೆ?” ಎಂದಳು ದೊಡ್ಡರಾಣಿ. ದೊರೆ ಕಾಪಾಡಲಿಲ್ಲ. ಓಜಯ್ಯನೂ ಜೋಯಿಸನ ಪಕ್ಕ ಸೇರಿದ.

ಆಗ ಸಂಕವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದಳು. “ಮಡಕೆ ಮಾರೋಳಿಗೆ ಮಹಲಿನ ಉಸಾಬರಿ ಯಾಕೆ?” ಎಂದು ದೊರೆ ನಕ್ಕ.

“ಮಾಳಿಗೆ ಹತ್ತೋಳು ನನ್ನ ತಂಗಿ, ಬುದ್ಧಿ. ಅದಕ್ಕೇ,” ಎಂದು ದೊಡ್ಡರಾಣಿಯ ಕಡೆ ತಿರುಗಿದಳು. “ಮೊದಲನೇದು ಗೋಡೆ, ತಾಯಿ. ತಟ್ಟಿದ್ರೆ ಟೊಳ್ಳೋ ಗಟ್ಟಿಯೋ ಹೇಳ್ಬಿಡುತ್ತೆ. ಸಂತೇಲಿ ಕಾಸಿನ ಮಡಕೇನೂ ತಟ್ಟಿ ನೋಡ್ದೆ ಯಾರೂ ಕೊಳ್ಳಲ್ಲ. ಈ ಮಹಲನ್ನ ಮಾತ್ರ ಯಾರೂ ತಟ್ಟಲಿಲ್ಲ. ಗೊತ್ತಿಲ್ದೆ ಅಲ್ಲ, ಹೆದರಿ. ಎರಡನೇದು ಆಸರೆಗಂಬ. ಮಾಳಿಗೆ ಗಟ್ಟಿಯಾಗೋವರೆಗೂ ಹೊತ್ತು ನಿಂತು, ಆಮೇಲೆ ಹೋಗ್ಬೇಕಾದ ಮರ. ಇಲ್ಲಿ ಇನ್ನೂ ಹೋಗಿಲ್ಲ. ತೆಗೆದ್ರೆ ಮಾಳಿಗೆ ನಿಲ್ಲಲ್ಲ ಅಂತ ರೇಷ್ಮೆ ಸುತ್ತಿ, ಮಲ್ಲಿಗೆ ಮಾಲೆ ಹಾಕಿ, ಕಲ್ಲುಕಂಬ ಅಂತ ನಿಲ್ಲಿಸಿದ್ದಾರೆ.”

ದೊರೆ ಸಿಂಹಾಸನದಿಂದ ಎದ್ದೇಬಿಟ್ಟ. “ತಲೆ ತೆಗೆಸ್ತೀನಿ!”

“ತೆಗೆಸಿ ಬುದ್ಧಿ. ನನ್ನ ತಲೆ ಹೋದ್ರೆ ನಿಮ್ಮ ಮಾಳಿಗೆ ಗಟ್ಟಿ ಆಗುತ್ತಾ?”

“ಕೂತ್ಕೋ, ಮಗನೆ,” ಎಂದಳು ದೊಡ್ಡರಾಣಿ. “ಇನ್ನೊಂದಿದೆ. ಮದುವೆಗೆ ಎಲ್ಲರಿಗಿಂತ ಮೊದಲು ಬರುತ್ತಾರೆ, ಹೊಟ್ಟೆ ತುಂಬ ಕುಡಿಯುತ್ತಾರೆ, ಊಟ ಕೇಳುವುದಿಲ್ಲ. ನಮ್ಮ ಬದಲು ಅವರು ಬಿದ್ದರೆ ಯಾರೂ ಅಳುವುದಿಲ್ಲ. ಯಾರವರು?”

ಸಂಕವ್ವನಿಗೆ ಹೊಳೆಯಲಿಲ್ಲ. ದೊರೆಯ ಕಣ್ಸನ್ನೆಗೆ ಭಟನೊಬ್ಬ ಕತ್ತಿಯ ಹಿಡಿಗೆ ಕೈ ಹಾಕಿದ. ಇದೇ ಕೊನೆಯ ನೋಟವೇನೋ ಎಂದುಕೊಂಡು ಗುಂಪಿನಲ್ಲಿದ್ದ ತಂಗಿಯನ್ನು ಹುಡುಕಿದಳು. ಹೂವಿ ಅರಿಸಿನ ಮೆತ್ತಿದ ಕೈಗಳನ್ನು ಎದೆಗೊತ್ತಿಕೊಂಡು ಅಳುತ್ತಿದ್ದಳು. ಅವಳ ಮದುವೆಗೆಂದು ತಾನೇ ಸುಣ್ಣ ಬಳಿದು, ಕೆಮ್ಮಣ್ಣಿನ ಗೆರೆ ಎಳೆದು, ಮನೆಯಲ್ಲಿ ಜೋಡಿಸಿಟ್ಟದ್ದು ಸಂಕವ್ವನಿಗೆ ನೆನಪಾಯಿತು.

“ಮಡಕೆಗಳು, ತಾಯಿ! ನೀರು ತುಂಬಿದ ಮಡಕೆಗಳು! ದಿಬ್ಬಣದಷ್ಟೇ ತೂಕ ಮಾಳಿಗೆ ಮೇಲೆ ಇಡಿಸಿ. ಜನಕ್ಕಿಂತ ಮೊದಲು ಅವು ಮದುವೆ ಮಾಡ್ಕೊಳ್ಳಲಿ.”

ದೊಡ್ಡರಾಣಿಯ ಕಣ್ಣು ತುಂಬಿತು. “ನಮ್ಮ ಯಜಮಾನರ ಕಾಲದಲ್ಲಿ ಹೀಗೇ ಪರೀಕ್ಷೆ ಮಾಡುತ್ತಿದ್ದರು ಕಣಮ್ಮ.”

“ಒಗಟು ಬಿಡಿಸಿದ್ದು ಸಾಕು. ಪರೀಕ್ಷೆ ಏನೂ ಬೇಡ!” ಎಂದು ದೊರೆ ಕೂಗಿದ.

“ಹಂಗಾದ್ರೆ ಮಾಳಿಗೆ ಕೆಳಗೆ ನೀವೇ ಪೀಠ ಹಾಕ್ಕೊಂಡು ಕೂತ್ಕೊಳ್ಳಿ ಬುದ್ಧಿ,” ಎಂದಳು ಸಂಕವ್ವ. “ನಾವು ಮೇಲೆ ನೀರು ತುಂಬ್ತೀವಿ.”

ದೊರೆ ಸಿಂಹಾಸನದಲ್ಲೇ ಹಿಂದಕ್ಕೆ ಸರಿದು ಕೂತದ್ದನ್ನು ಇಡೀ ಊರು ನೋಡಿತು.

ಅಷ್ಟು ಸಾಕಾಯಿತು. ಮನೆಮನೆಯಿಂದ ಮಡಕೆ, ಗುಡಾಣ ಹೊರಬಂದವು. ಖಾಲಿ ಮಡಕೆಗಳನ್ನು ಮಾಳಿಗೆ ಮೇಲೆ ಜೋಡಿಸಿ ಎಲ್ಲರೂ ಕೆಳಗಿಳಿದ ಮೇಲೆ, ಪಕ್ಕದ ಕೋಟೆಗೋಡೆಯಿಂದ ಉದ್ದನೆಯ ಬಿದಿರ ಕೊಳವೆ ಚಾಚಿ ಒಂದೊಂದಕ್ಕೇ ನೀರು ಬಿಟ್ಟರು. ಅರ್ಧ ಮಡಕೆಗಳೂ ತುಂಬಿರಲಿಲ್ಲ. ರೇಷ್ಮೆಯೊಳಗೆ ಮರ ಲಟಕ್ಕೆಂದಿತು. ಮಾಳಿಗೆ ನಡುಮಧ್ಯಕ್ಕೆ ಮುರಿದು ಕುಸಿಯಿತು. ಧೂಳು ಇಳಿದಾಗ ಬಾಗಿಲಿನಿಂದ ನೀರು ಹರಿದು ಬಂತು, ಮಲ್ಲಿಗೆಯನ್ನೂ ಒಡೆದ ಮಡಕೆಯ ಬೋಕಿಯನ್ನೂ ಕೊಚ್ಚಿಕೊಂಡು.

ಸಂಕವ್ವ ನೆಲದ ಮೇಲೆ ಕುಸಿದು ಕೂತು ಗೊಳೋ ಎಂದು ಅತ್ತಳು. ಹೂವಿ ಓಡಿಬಂದು ತಬ್ಬಿಕೊಂಡಳು. “ಯಾಕಕ್ಕಾ ಅಳ್ತೀಯಾ? ಒಡೆದದ್ದು ಮಡಕೆ ತಾನೆ?”

“ಮಡಕೆ ತಾನೆ ಕಣೇ. ಅದಕ್ಕೇ.”

ಸಂಕವ್ವ ಬೇಡಿಕೊಂಡಳೆಂದು ಸೆರೆಯಲ್ಲಿದ್ದ ಇಬ್ಬರ ತಲೆಯೂ ಉಳಿಯಿತು. “ನನಗೆ ಉತ್ತರ ಗೊತ್ತಿತ್ತಮ್ಮ,” ಎಂದು ಓಜಯ್ಯ ತಲೆ ತಗ್ಗಿಸಿದ. “ಗೊತ್ತಿದ್ದು ಏನು ಬಂತು ಸ್ವಾಮಿ, ಬಾಯಿಗೆ ಬೀಗ ಹಾಕ್ಕೊಂಡಿದ್ರಲ್ಲ,” ಎಂದಳವಳು. “ಈ ಸಲ ಗಟ್ಟಿಯಾಗಿ ಕಟ್ಟಿ.” ಹೂವಿಯ ಮದುವೆ ಕುಂಬಾರಗೇರಿಯ ಬಯಲಲ್ಲಿ, ಹಸಿರು ಚಪ್ಪರದಡಿ ನಡೆಯಿತು.

ಕೆಮ್ಮಣ್ಣಿನ ಬಟ್ಟಲನ್ನು ದೊಡ್ಡರಾಣಿಯೇ ಸಂಕವ್ವನ ಕೈಗಿಟ್ಟಳು. ದೊರೆ ಹಲ್ಲು ಕಚ್ಚಿಕೊಂಡು, “ಮಾತು ಕೊಟ್ಟಾಗಿದೆ. ಅರ್ಧ ಅರಮನೆ ನಿನ್ನದು, ತಗೋ,” ಎಂದ.

ಸಂಕವ್ವ ಧನ್ಯಳಾದೆ ಗಿನ್ಯಳಾದೆ ಅಂತ ಏನೂ ಹೇಳಲಿಲ್ಲ. ಸೀದಾ ಸಿಂಹಾಸನದ ಹಿಂದಿನ ಗೋಡೆಗೆ ಹೋಗಿ ಬೆರಳು ಮಡಚಿ ತಟ್ಟಿದಳು. ಕಿವಿಯಿಟ್ಟಳು. ಇನ್ನೊಮ್ಮೆ ತಟ್ಟಿದಳು.

“ನನ್ನ ಅರ್ಧ ಆಮೇಲೆ ನೋಡೋಣ ಬುದ್ಧಿ. ಮೊದಲು ನೀವು ನಿಮ್ಮ ಅರ್ಧದಿಂದ ಆಚೆ ಬನ್ನಿ. ಮಡಕೆ ತರಿಸ್ತೀನಿ.”