ಮೇಷ್ಟ್ರನ್ನು ಕೇಳಲಾರದ ವೈದ್ಯ

"ಸರ್, ರೋಗಿಗೆ ಬಳಸಿದ ಸೂಜಿಯನ್ನು ಅಕಸ್ಮಾತ್ ಚುಚ್ಚಿಸಿಕೊಂಡವರಿಗೆ ಎಚ್‌ಐವಿ ತಡೆಯುವ ಗುಳಿಗೆಯನ್ನು ಯಾವಾಗ ಕೊಡಬೇಕು? ರೋಗಿ ತೀರ ಮರ್ಯಾದಸ್ಥರಾಗಿದ್ದರೆ ಅವರ ರಕ್ತದ ವರದಿ ಬರುವವರೆಗೆ ಕಾಯಬಹುದಲ್ಲವೆ?" ಎಂದು ತುರ್ತು ಚಿಕಿತ್ಸೆಯ ವಿಭಾಗದಲ್ಲಿ ಕಲಿಯುತ್ತಿದ್ದ ಪ್ರಫುಲ್ಲಾ ತನ್ನ ಗುರು ಡಾಕ್ಟರ್ ವಿರೂಪಾಕ್ಷಪ್ಪನವರನ್ನು ಕೇಳಿದಳು.

"ಮರ್ಯಾದೆಯನ್ನು ಯಾವ ಯಂತ್ರದಲ್ಲಿ ಪರೀಕ್ಷೆ ಮಾಡುತ್ತೀಯಮ್ಮ? ಕೂತುಕೋ, ಒಂದು ಕತೆ ಹೇಳುತ್ತೇನೆ" ಎಂದು ಅವರು ಶುರುಮಾಡಿದರು.

ಒಂದೂರಿನಲ್ಲಿ ಒಬ್ಬ ವೈದ್ಯನಿದ್ದ. ಕೆಟ್ಟವನೇನಲ್ಲ, ಸಂಕೋಚದ ಮನುಷ್ಯ. ಅವನಿಗೆ ಅಕ್ಷರ ಕಲಿಸಿದ ಮೇಷ್ಟ್ರು ಒಂದು ದಿನ ಜ್ವರವೆಂದು ಆಸ್ಪತ್ರೆಗೆ ಬಂದರು. ಅವರ ರಕ್ತ ತೆಗೆದ ನರ್ಸ್‌ಗೆ ಅದೇ ಸೂಜಿ ಬೆರಳಿಗೆ ಚುಚ್ಚಿತು. ಅವಳಿಗೆ ಮೂರು ವರ್ಷದ ಮಗಳು, ತಾಯಿಯ ಕೈತುತ್ತಿಲ್ಲದೆ ಉಣ್ಣದ ಮಗು. ಬೆರಳು ತೊಳೆದುಕೊಂಡು ವೈದ್ಯನ ಬಳಿ ಓಡಿಬಂದಳು.

"ಪರೀಕ್ಷೆ ಮಾಡಿಸಿಕೊಳ್ಳಿ ಅಂತ ಮೇಷ್ಟ್ರನ್ನು ಯಾವ ಬಾಯಲ್ಲಿ ಕೇಳಲಿ? ಅವರು ಅಂಥವರಲ್ಲಮ್ಮ" ಎಂದ ಅವನು.

"ಅಂಥವರು ಅಂದರೆ ಎಂಥವರು ಸರ್? ನನಗೇನಾದರೂ ಆದರೆ ನನ್ನ ಮಗಳಿಗೆ ಯಾರು?"

ವಾಕರಿಕೆ ತರುವ ಗುಳಿಗೆಯನ್ನು ಒಂದು ತಿಂಗಳಿಡೀ ಸುಮ್ಮನೆ ಏಕೆ ನುಂಗುತ್ತೀ ಎಂದು ಅವನು ಸಮಾಧಾನ ಹೇಳಿ ಕಳಿಸಿದ. ನಾಳೆ ಕೇಳಿದರಾಯಿತು ಎನ್ನುತ್ತಲೇ ಮೂರು ದಿನ ಕಳೆದ. ನಾಲ್ಕನೆಯ ದಿನ ಮೇಷ್ಟ್ರ ಮುಂದೆ ಬಾಯಿಬಿಟ್ಟ. ಅವರೇನೂ ಬೇಸರಪಡಲಿಲ್ಲ. "ಅವತ್ತೇ ಕೇಳಬಾರದಿತ್ತೇನಪ್ಪ?" ಎಂದು ತೋಳು ಚಾಚಿದರು. ರಕ್ತದಲ್ಲಿ ವೈರಸ್ ಇತ್ತು. ಗುಳಿಗೆ ಶುರುಮಾಡಲು ಇರುವ ಎಪ್ಪತ್ತೆರಡು ಗಂಟೆಯ ಗಡುವು ಆಗಲೇ ದಾಟಿತ್ತು.

ಪುಣ್ಯಕ್ಕೆ ಅವಳಿಗೆ ಸೋಂಕು ತಗಲಲಿಲ್ಲ. ಆದರೆ ಅದು ಖಾತ್ರಿಯಾಗಲು ತಿಂಗಳುಗಳೇ ಹಿಡಿದವು. ಮುಟ್ಟಿದರೆ, ಜೊತೆಯಲ್ಲಿ ಉಂಡರೆ ಬರುವುದಿಲ್ಲ ಎಂದು ಊರಿಗೆಲ್ಲ ಹೇಳುತ್ತಿದ್ದವಳು ಅವಳೇ. ತನ್ನ ಕೈಯ ಮಾತು ಬಂದಾಗ ಮನಸ್ಸು ನಂಬಲಿಲ್ಲ. ಮಗಳ ತಟ್ಟೆಗೆ ಚಮಚ ಹಾಕಿಟ್ಟು ದೂರ ಕೂರುತ್ತಿದ್ದಳು. ಮಗು ಬಾಯಿ ತೆರೆದುಕೊಂಡು ಕಾಯುತ್ತಿತ್ತು. ನನಗೆ ಇವತ್ತಿಗೂ ಅದನ್ನು ಮರೆಯಲಾಗಿಲ್ಲ.

ಗುರುಗಳು ಕನ್ನಡಕ ತೆಗೆದು ಒರೆಸಿಕೊಂಡರು. "ಗಾಯವಿಲ್ಲದ ಚರ್ಮದ ಮೇಲೆ ರಕ್ತ ಬಿದ್ದಿದ್ದರೆ ತೊಳೆದರೆ ಸಾಕು. ರೋಗಿಯ ರಕ್ತವಿದ್ದ ಸೂಜಿ ಚುಚ್ಚಿದ್ದರೆ ಮೊದಲ ಗುಳಿಗೆ ಆಗಲೇ ನುಂಗಿಸು. ರೋಗಿಗೆ ಸೋಂಕಿಲ್ಲವೆಂದು ವರದಿ ಬಂದರೆ ಆಮೇಲೆ ನಿಲ್ಲಿಸಬಹುದು. ಯಾರ ಮುಖವನ್ನೂ ನೋಡಿ ಲೆಕ್ಕ ಹಾಕಬೇಡ."

ಪ್ರಫುಲ್ಲಾ ತಲೆಯಾಡಿಸಿದಳು. ಆದರೆ ಎದ್ದು ಹೋಗಲಿಲ್ಲ. ಗುರುಗಳು ಕಪಾಟಿನಿಂದ ಗುಳಿಗೆಯ ಡಬ್ಬಿ ತೆಗೆದು, ಒಂದು ಲೋಟ ನೀರಿನೊಂದಿಗೆ ಅವಳ ಮುಂದಿಟ್ಟರು.

"ಈಗ ಹೇಳು ಮಗಳೆ, ನಿನಗೆ ಚುಚ್ಚಿ ಎಷ್ಟು ಹೊತ್ತಾಯಿತು?"