ರೇಷ್ಮೆಗೂ ಆಗೋ ಇಸ್ತ್ರಿಪೆಟ್ಟಿಗೆ

ನಮ್ಮ ಬೀದಿ ಇಸ್ತ್ರಿಯವನು ಇದ್ದಿಲು ಪೆಟ್ಟಿಗೆ ಬದಿಗಿಟ್ಟು ಕರೆಂಟಿನದೊಂದು ತಂದ. "ರೇಷ್ಮೆಗೂ ಆಗುತ್ತೆ ಕಣಯ್ಯ, ಶಾಖ ತಾನೇ ಹದವಾಗಿರುತ್ತೆ" ಅಂತ ಎಲೆಕ್ಟ್ರಿಕ್ ಅಂಗಡಿ ಸಾಹುಕಾರ್ರು ಪುಟ್ಟಮಾದಪ್ಪನೋರು ಹೇಳಿ ಮಾರಿದ್ರು. ಮೊದಲನೇ ದಿನವೇ ಅದು ಮೇಷ್ಟ್ರ ಪಂಚೆ ಸುಟ್ಟು ಕಿಟಕಿ ಇಟ್ಟಿತು. ಮೇಷ್ಟ್ರು ಹೊಸ ಪಂಚೆ ಕೇಳಿದ್ರು.

ಇವನು ಪೆಟ್ಟಿಗೆ ಜೊತೆ ಇಸ್ತ್ರಿ ಕಂಬಳಿನೂ ಹಿಡ್ಕೊಂಡು ಅಂಗಡಿಗೆ ಹೋಗಿ ದುಡ್ಡು ವಾಪಸ್ ಕೇಳಿದ.

"ಪೆಟ್ಟಿಗೆ ಸರಿಯಾಗೇ ಇದೆ. ನಿನ್ನ ಕೈ ಸರಿ ಇಲ್ಲ" ಅಂದ್ರು ಸಾಹುಕಾರ್ರು. ಅಂಗಡಿ ತುಂಬ ಗಿರಾಕಿಗಳು. ಒಬ್ಬರ ಕೈಲಿ ಅಂಥದ್ದೇ ಹೊಸ ಪೆಟ್ಟಿಗೆ.

"ಇರಬಹುದು ಸ್ವಾಮಿ. ಹಾಗಾದ್ರೆ ನೀವೇ ಒಂದ್ಸಲ ತೋರಿಸ್ಕೊಡಿ" ಅಂತ ಇವನು ಕೌಂಟರ್ ಮೇಲೆ ಕಂಬಳಿ ಹಾಸಿ, ಪೆಟ್ಟಿಗೆ ಇಟ್ಟು, ಪ್ಲಗ್ ಚುಚ್ಚಿದ. "ನಿಮ್ಮ ರೇಷ್ಮೆ ಅಂಗಿ ಬೆನ್ನಲ್ಲಿ ಸುಕ್ಕಾಗಿದೆ. ಬಿಚ್ಚಿ."

"ಲೋ, ಇದು ಮಾವನ ಮನೆಯವರು ಕೊಟ್ಟಿದ್ದು ಕಣೋ!"

"ಅದಕ್ಕೇ ಸ್ವಾಮಿ, ಸುಕ್ಕು ಇರಬಾರದು."

"ಬಿಚ್ಚಿ ಸಾಹುಕಾರ್ರೇ, ನಾವೂ ನೋಡೋಣ" ಅಂದ್ರು ಹೊಸ ಪೆಟ್ಟಿಗೆ ಹಿಡಿದಿದ್ದ ಗಿರಾಕಿ.

ಸಾಹುಕಾರ್ರು ಒಂದು ಗುಂಡಿ ಬಿಚ್ಚಿದ್ರು. ಪೆಟ್ಟಿಗೆ ಕಡೆ ನೋಡಿದ್ರು. ಇನ್ನೊಂದು ಬಿಚ್ಚಿದ್ರು. ಕಂಬಳಿಯಿಂದ ಸಣ್ಣಗೆ ಹೊಗೆ ಎದ್ದಿತು. ಎರಡೂ ಗುಂಡಿ ವಾಪಸ್ ಹಾಕ್ಕೊಂಡು, ಗಲ್ಲಾ ಎಳೆದು ದುಡ್ಡು ಕೊಟ್ರು. ಗಿರಾಕಿ ಹೊಸ ಪೆಟ್ಟಿಗೆನ ಕೆಳಗಿಟ್ರು.

ಇವನು ದುಡ್ಡು ಜೇಬಿಗಿಟ್ಟು, ಪ್ಲಗ್ ಕಿತ್ತು, ಪೆಟ್ಟಿಗೆನ ಅಲ್ಲೇ ಬಿಟ್ಟು ಕಂಬಳಿ ಮಡಿಸಿದ.

"ಸುಕ್ಕು ಹಾಗೇ ಉಳೀತಲ್ಲ ಸ್ವಾಮಿ. ಸಂಜೆ ಅಂಗಿ ಕಳಿಸಿ, ನಾನೇ ಇಸ್ತ್ರಿ ಹಾಕ್ಕೊಡ್ತೀನಿ. ನಮ್ಮಲ್ಲಿ ಸುಟ್ರೆ, ಕೇಳೋಕೆ ಮುಂಚೆನೇ ದುಡ್ಡು ವಾಪಸ್."