ಸತ್ತ ಮಗನಿಗೆ ಬ್ರಾಂದಿಯ ಎಡೆ

ಪೂಜ್ಯ ಶ್ರೀ ಮುದ್ದುಬಸವ ಸ್ವಾಮಿಗಳು ಆಗ ಹಳೇಕೊಪ್ಪಲಿನ ಹೊರಗಿನ ಪಾಳು ಛತ್ರದಲ್ಲಿ ವಾಸವಾಗಿದ್ದರು. ಸಂಜೆ ಊರೊಳಗೆ ಭಿಕ್ಷೆಗೆ ಬರುವರು. ಜಾತಿ ಕೇಳರು, ಮಾಂಸ ಬೇಯುವ ಮನೆಯೆಂದು ಮುಖ ತಿರುಗಿಸರು. ಅಂಥಲ್ಲಿ ಒಂದು ಹಿಡಿ ರಾಗಿಹಿಟ್ಟು ಪಡೆದು, ಹರಸಿ ಹೊರಡುವರು.

ಅಂದು ಹಿರಿಯರ ಹಬ್ಬ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆಯಿಟ್ಟು, ಅವರು ಬಂದು ಉಣ್ಣಲೆಂದು ಬಾಗಿಲೆಳೆದು, ಮನೆಯವರು ಜಗಲಿಯಲ್ಲಿ ಕಾಯುವುದು ಆ ಸೀಮೆಯ ರೂಢಿ. ಹೆಸರಿಗೆ ಹಿರಿಯರ ಹಬ್ಬ. ಊರಿಗೆ ಬ್ರಾಂದಿ ಅಂಗಡಿ ಬಂದ ಮೇಲೆ ಹಳೇಕೊಪ್ಪಲಿನಲ್ಲಿ ಎಡೆ ಉಣ್ಣುವವರಲ್ಲಿ ಮೀಸೆ ಬಲಿಯದವರೇ ಹೆಚ್ಚಾಗಿದ್ದರು.

ಕೆಂಪಮಾದಯ್ಯನ ಜಗಲಿಯಲ್ಲಿ ಅವನು, ಹೆಂಡತಿ ಚಿಕ್ಕತಾಯಮ್ಮ, ಕಿರಿಮಗ ರಾಚ ಕಾಯುತ್ತಿದ್ದರು. ಒಳಗೆ ಹಿರಿಮಗ ನಂಜುಂಡನ ಎಡೆ. ಕುಡಿದು ಕುಡಿದು ಲಿವರ್ ಕೆಟ್ಟು ಆ ವರ್ಷವೇ ತೀರಿಕೊಂಡಿದ್ದ. ಅವನಿಗೆ ಮೊದಲ ಗುಟುಕು ಕೊಟ್ಟವನೂ ಅಪ್ಪನೇ. ಹಿಂದೊಂದು ಹಬ್ಬದಲ್ಲಿ ಅಜ್ಜನ ಎಡೆಯ ಬ್ರಾಂದಿಯನ್ನು ಪ್ರಸಾದವೆಂದು ಮಗುವಿನ ಅಂಗೈಗೆ ಹೊಯ್ದಿದ್ದ. ಈಗ ಅಣ್ಣನ ಪ್ರಸಾದಕ್ಕಾಗಿ ರಾಚ ಬಾಗಿಲನ್ನೇ ನೋಡುತ್ತಿದ್ದ.

ಸ್ವಾಮಿಗಳು ಬಂದು ನಿಂತರು. ಕಾವಿ ಕಂಡರಾಗದ ಕೆಂಪಮಾದಯ್ಯ ಕೂತಲ್ಲಿಂದಲೇ, “ಆಮೇಕೆ ಬನ್ನಿ ಬುದ್ಧಿ. ನನ್ ಮಗ ಉಣ್ತಾವ್ನೆ” ಎಂದ.

“ಏನು ಬಡಿಸಿದ್ದೀಯಪ್ಪ?”

“ಮುದ್ದೆ, ಬಾಡಿನ ಸಾರು, ಒಂದು ಕ್ವಾಟ್ರು ಬ್ರಾಂದಿ. ಅವ್ನಿಗೆ ಇಷ್ಟವಾದದ್ದ ಇಡಬೇಕಲ್ವಾ?”

“ಇಷ್ಟವಿತ್ತೇ?”

ಗಂಡ ಬಾಯಿ ತೆರೆಯುವ ಮೊದಲೇ ಚಿಕ್ಕತಾಯಮ್ಮ ಅಳುತ್ತ ನುಡಿದಳು: “ಇರ್ನಿಲ್ಲ ಬುದ್ಧಿ. ಹೊಟ್ಟೆ ಊದ್ಕಂಡು ಮಲಗಿದ್ದಾಗ, ‘ಅವ್ವ, ವಾಸ್ನೆಗೇ ವಾಂತಿ ಬತ್ತದೆ, ಆದ್ರೂ ಬುಡಕ್ಕಾಯ್ತಿಲ್ಲ, ಬುಡ್ಸವ್ವ’ ಅಂತ ನನ್ ಕೈ ಹಿಡ್ಕಂಡಿದ್ದ.”

ಸ್ವಾಮಿಗಳು ಮುಚ್ಚಿದ ಬಾಗಿಲತ್ತ ಕೈ ತೋರಿದರು.

“ಸತ್ತಾದರೂ ಬಿಟ್ಟಿದ್ದ. ನೀನು ಮತ್ತೆ ಕುಡಿಸುತ್ತಿದ್ದೀಯಲ್ಲಪ್ಪ” ಎಂದರು. ಭಿಕ್ಷೆಯನ್ನೂ ಕೇಳದೆ ಹೊರಟುಹೋದರು.

ಕೆಂಪಮಾದಯ್ಯನಿಗೆ ಮೊದಲು ಸಿಟ್ಟೇ ಬಂತು. ಆಮೇಲೆ ಧಡಕ್ಕನೆ ಎದ್ದ. ಬಾಗಿಲು ತೆರೆಯುವ ಮುನ್ನ ಸತ್ತವರಿಗೆ ತಿಳಿಯಲೆಂದು ಕೆಮ್ಮುವುದುಂಟು. ಅದನ್ನೂ ಮರೆತು ಒಳನುಗ್ಗಿ, ಬ್ರಾಂದಿಯನ್ನೆಲ್ಲ ಬಚ್ಚಲಿಗೆ ಸುರಿದ.

“ಅಣ್ಣುಂದ ಚೆಲ್ಬುಟ್ಯಾ? ನೀನೇನು ಕುಡಿಯಲ್ವಾ?” ಎಂದು ರಾಚ ಕೂಗಾಡಿ, ನೆಟ್ಟಗೆ ಅಂಗಡಿಗೆ ಹೋದ.

ಅಂದಿನಿಂದ ಕೆಂಪಮಾದಯ್ಯ ಬಾಟಲಿ ಮುಟ್ಟಲಿಲ್ಲ. ನಿದ್ದೆ ಕೆಟ್ಟಿತು, ಕುಡಿತ ಬಿಟ್ಟ ಮೈ ನಡುಗಿತು. ಸಂಜೆಯಾದರೆ ಛತ್ರಕ್ಕೆ ಓಡುತ್ತಿದ್ದ. ಉಪದೇಶವಿಲ್ಲ, ಮಂತ್ರವಿಲ್ಲ, ಆ ಪುಣ್ಯಾತ್ಮರು ಅವನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದು ಕುಳಿತಿರುತ್ತಿದ್ದರು.

ರಾಚನೂ ಬಿಟ್ಟನೆಂದು ಬರೆಯಲು ನನಗೂ ಆಸೆಯೇ. ಅವನು ಬಿಡಲಿಲ್ಲ. ಕೆಲವು ವರ್ಷದ ಮೇಲೆ ಹಿರಿಯರ ಹಬ್ಬಕ್ಕೆ ಆ ಮನೆಯಲ್ಲಿ ಎರಡು ಎಡೆ ಬಿದ್ದವು, ನಂಜುಂಡನಿಗೊಂದು, ರಾಚನಿಗೊಂದು.

ಆ ಸಂಜೆ ಸ್ವಾಮಿಗಳು ತಾವಾಗಿಯೇ ಬಂದು ಚಿಕ್ಕತಾಯಮ್ಮನ ಪಕ್ಕ ಜಗಲಿಯಲ್ಲಿ ಕುಳಿತಿದ್ದರು. ಕೆಂಪಮಾದಯ್ಯ ಎರಡೂ ಎಡೆಗೆ ಮಜ್ಜಿಗೆಯ ಲೋಟವಿಟ್ಟ. ಬಾಗಿಲೆಳೆಯುವ ಮುನ್ನ ಹೊಸ್ತಿಲ ಮೇಲೆ ಮಂಡಿಯೂರಿ ಕೈಮುಗಿದ.

“ಕುಡ್ಸಿದ್ದೋನು ನಾನೇ ಕಣ್ರಪ್ಪ. ನಾನು ಬುಟ್ಟಿವ್ನಿ. ನೀವೂ ಬುಟ್ಬುಡಿ.”